ಮದುಮಗಳು ಕೀ ತಿರುಗಿಸಿದಳು

ತೊಂಬತ್ತರ ದಶಕದ ಕೊನೆಯಲ್ಲಿ ನಡೆದ ತಂಗಿಯ ಆರತಕ್ಷತೆಗೆ ನಾನೇ ಡ್ರೈವರ್. ಆಗಷ್ಟೇ ಒಂದು ಹಳೆಯ ಕಾರು ಕೊಂಡಿದ್ದೆ. ಅಲಂಕಾರ ಮುಗಿಸಿದ ಅವಳನ್ನು ಶಿವಾಜಿನಗರದ ಬ್ಯೂಟಿ ಪಾರ್ಲರಿನಿಂದ ಹತ್ತಿಸಿಕೊಂಡು ಕಮ್ಮನಹಳ್ಳಿಯ ಛತ್ರಕ್ಕೆ ಹೊರಟೆ. ಹಿಂದಿನ ಸೀಟಿನಲ್ಲಿ ಅಪ್ಪ, ತೊಡೆಯ ಮೇಲೆ ಹಾರದ ಬುಟ್ಟಿ. ಕಡುಬೇಸಿಗೆ. ಬಸ್ಸುಗಳ ಹಿಂದೆ ತೆವಳುತ್ತ ರಸೆಲ್ ಮಾರ್ಕೆಟ್ಟಿನ ಪಕ್ಕಕ್ಕೆ ಬಂದಾಗ ಎಂಜಿನ್ ತಟ್ಟನೆ ನಿಂತಿತು.

"ಪೆಟ್ರೋಲ್ ಹಾಕ್ಸಿದ್ಯೇನೇ?" ಅಪ್ಪ ಕೇಳಿದರು. "ಆಟೋ ಹಿಡಿಯೋಣ."

"ಅಪ್ಪಾ, ಈ ಕೂದ್ಲು ಕಟ್ಟೋಕೇ ಅರ್ಧ ದಿನ ಹೋಗಿದೆ. ಆಟೋ ಗಾಳಿಗೆ ಉಳಿಯುತ್ತಾ?" ಎಂದಳು ತಂಗಿ.

ಬಾನೆಟ್ ಎತ್ತಿದೆ. ಸ್ಟಾರ್ಟರ್ ಜೋರಾಗಿ ತಿರುಗುತ್ತಿದ್ದುದರಿಂದ ಬ್ಯಾಟರಿಯ ತಪ್ಪಲ್ಲ. ಪೆಟ್ರೋಲಿನ ವಾಸನೆಯೂ ಬರುತ್ತಿತ್ತು. ಉಳಿದದ್ದು ಕಿಡಿ. ಅದು ಹಾರುತ್ತದೆಯೇ ನೋಡಲು, ಕಿಡಿಗೆ ಕರೆಂಟು ಒಯ್ಯುವ ಮುಖ್ಯ ವೈರನ್ನು ಬಿಚ್ಚಿ, ಡಿಕ್ಕಿಯಲ್ಲಿದ್ದ ಹಳೆಯ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗುವಂತೆ ಒರಗಿಸಿಟ್ಟು ದೂರ ಸರಿದೆ.

"ಕೀ ತಿರುಗ್ಸೇ!"

ತಂಗಿ ಮೆಹಂದಿಯ ಕೈ ಚಾಚಿ ತಿರುಗಿಸಿದಳು. ಬಳೆ ಸದ್ದು ಬಂತು, ಕಿಡಿ ಬರಲಿಲ್ಲ.

"ಪಾಯಿಂಟ್ ಉಜ್ಜು, ಸರಿಹೋಗುತ್ತೆ," ಎಂದರು ಅಪ್ಪ. ಅವರ ಕಾಲದ ಕಾರುಗಳಲ್ಲಿ ಕಾಯಿಲ್ಲಿನ ಕರೆಂಟನ್ನು ಕಡಿಯಲು ಪಾಯಿಂಟ್ ಎಂಬ ಪುಟ್ಟ ಲೋಹದ ಜೋಡಿ ಇರುತ್ತಿತ್ತು. ನನ್ನ ಕಾರಿನಲ್ಲಿ ಆ ಕೆಲಸ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಡಬ್ಬಿಯದು. ಎಂಜಿನ್ ಎಲ್ಲಿಗೆ ತಿರುಗಿದೆ ಎಂದು ಸೆನ್ಸರ್ ತಿಳಿಸಿದೊಡನೆ ಡಬ್ಬಿ ಕರೆಂಟು ಕಡಿಯುತ್ತದೆ. ಆ ಕ್ಷಣ ಕಾಯಿಲ್ಲಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಡಬ್ಬಿಯನ್ನು ಮುಟ್ಟಿದರೆ ಕೈ ಸುಟ್ಟಿತು. ಹಿಂದಿನ ವಾರ ಹಲಸೂರಿನಲ್ಲೂ ಬಿಸಿಲಿಗೆ ಹೀಗೇ ಕೆಟ್ಟು ನಿಂತಿದ್ದ ಕಾರು, ತಣ್ಣಗಾದ ಮೇಲೆ ತಾನೇ ಓಡಿತ್ತು. ಹಾಗಾದರೆ ಕಾದಾಗ ಕೈಕೊಡುತ್ತಿರುವುದು ಈ ಡಬ್ಬಿಯೇ, ಬೇಕಾದದ್ದು ತಂಪು.

ಮೀನಿನಂಗಡಿಗೆ ಓಡಿದೆ. "ಸ್ವಲ್ಪ ಐಸ್ ಕೊಡಿ."

"ಬರೀ ಐಸಾ? ಮೀನ್ ಬೇಡ್ವಾ ಮೇಡಂ?" ಎಂದ ಅಂಗಡಿಯವನು ಕಾರಿನತ್ತ ಇಣುಕಿದ. "ಅರೆ, ದುಲ್ಹನ್ ಕೂತವ್ಳೆ!" ಎನ್ನುತ್ತ ತಾನೇ ಐಸ್ ಹೊತ್ತು ಬಂದ.

ನೀರು ಸೋರದಂತೆ ಎರಡೆರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಡಬ್ಬಿಗೆ ಒತ್ತಿ ಹಿಡಿದೆ. ಅಪ್ಪ ಪಂಚೆ ಮೇಲೆ ಕಟ್ಟಿ ರಟ್ಟಿನಿಂದ ಗಾಳಿ ಹಾಕಿದರು. ಸುತ್ತಲೂ ಜನ ಸೇರಿದರು. ಡಬ್ಬಿ ತಣ್ಣಗಾದ ಮೇಲೆ ತಂಗಿ ಮತ್ತೆ ಕೀ ತಿರುಗಿಸಿದಳು. ಚಟಚಟನೆ ನೀಲಿ ಕಿಡಿ! ಅಂಗಡಿಯವನು ಶಿಳ್ಳೆ ಹೊಡೆದ. ವೈರನ್ನು ಅದರ ಜಾಗಕ್ಕೆ ಸಿಕ್ಕಿಸಿದೆ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು.

ಮತ್ತೆ ನಿಂತರೆ ಇರಲಿ ಎಂದು ಅಪ್ಪ ಉಳಿದ ಐಸನ್ನು ಕಾಲ ಬಳಿ ಇಟ್ಟುಕೊಂಡರು. ಅದು ಕರಗಿ ಸೀಟಿನ ಕೆಳಗೆಲ್ಲ ಹರಿಯಿತು. ಛತ್ರದಲ್ಲಿ ಬಾಗಿಲು ತೆರೆದ ಮದುಮಗ ಮೂಗು ಅರಳಿಸಿದ.

"ಏನೋ ವಾಸ್ನೆ ಬರ್ತಿದೆ?"

"ನಂದಲ್ಲ ರೀ, ಅಪ್ಪಂದು," ಎಂದು ತಂಗಿ ಗಂಭೀರವಾಗಿ ಇಳಿದಳು. ಅಪ್ಪ ನಗು ತಡೆಯಲಾರದೆ ಹಾರದ ಬುಟ್ಟಿಯೊಳಗೆ ಮುಖ ಹುದುಗಿಸಿಕೊಂಡರು.