ಟಿಟ್ಟಿಭದ ಸುಳ್ಳು ಕಾವು

ಇವತ್ತು ಬೆಳಿಗ್ಗೆ ನರಗುಂದದ ನಮ್ಮ ಮನೆಯ ತೆರೆದ ಮಾಳಿಗೆಗೆ ಬಟ್ಟೆ ಒಣಹಾಕಲು ಹೋದೆ. ಮನೆ ಕಟ್ಟಿ ಉಳಿದ ಜಲ್ಲಿಕಲ್ಲು ಅಲ್ಲಿ ಹರಡಿಕೊಂಡಿದೆ. ತಲೆಯ ಮೇಲೆ ಒಂದು ಟಿಟ್ಟಿಭ ಹಕ್ಕಿ ಸುತ್ತುತ್ತ ಒದರತೊಡಗಿತು. ನನಗೆ ಸವಡಿ ಊರಿನ ಕಾಕಾನ ಹೊಲ ನೆನಪಾಯಿತು.

ಆಗ ಕಾಲೇಜಿನ ರಜೆಯಲ್ಲಿ ಕಾಕಾನ ಮನೆಯಲ್ಲಿದ್ದೆ. ಎಲ್ಲವನ್ನೂ ದಿನಚರಿಯಲ್ಲಿ ಗೆರೆ ಹಾಕಿ ಎಣಿಸುವ ಚಟ ಆಗಲೇ ಅಂಟಿತ್ತು. ಕುಡಿದ ಚಹಾದ ಗೆರೆಯೂ ಇರುತ್ತಿತ್ತು ಎಂದರೆ ನೀವು ನಗಬಹುದು. ಮಳೆ ಬಿದ್ದು ಎರಿ ಹೊಲದ ಕರಿಮಣ್ಣು ಹದಕ್ಕೆ ಬಂದಿತ್ತು. ಕಾಕಾ ಎತ್ತು ಹೂಡಿ, ಕುಂಟೆ ಹೊಡೆದು ಹರಗಬೇಕಿತ್ತು. ಬಯಲಲ್ಲೇ ಮೊಟ್ಟೆಯಿಡುವ ಟಿಟ್ಟಿಭವೊಂದು ಅಲ್ಲೆಲ್ಲೋ ಕಾವಿಗೆ ಕೂತಿತ್ತು. ಮೊಟ್ಟೆ ತೋರಿಸಿದರೆ ಅಷ್ಟು ಜಾಗ ಬಿಡಲು ಕಾಕಾ ಒಪ್ಪಿದ.

ಹಕ್ಕಿ ಕೂತಲ್ಲೆಲ್ಲ ಗುರುತಿನ ಕಲ್ಲು ಇಡುತ್ತ ಹೋದೆ. ರವಿವಾರ ಸಂಜೆಗೆ ದಿನಚರಿಯಲ್ಲಿ ಆರು ಗೆರೆ, ಹೊಲದಲ್ಲಿ ಆರು ಕಲ್ಲು, ಮೊಟ್ಟೆ ಒಂದೂ ಇಲ್ಲ.

“ಏನವಾ, ನನ್ನ ಹೊಲದಾಗ ಎಷ್ಟ ಮಂದಿ ಬಾಣಂತನ ಹಿಡದೀ?” ಎಂದ ಕಾಕಾ. “ನಾಳೆ ಸೋಮವಾರ, ಬಸವಣ್ಣನ ದಿನ, ಎತ್ತಿನ ಮ್ಯಾಲೆ ನೊಗ ಇಡಂಗಿಲ್ಲ. ಮಂಗಳವಾರ ಕುಂಟಿ ಹೂಡಾಂವನ. ಹದ ಹೋಗತೈತಿ.”

ಬಸವಣ್ಣ ಎತ್ತಿಗೆ ಕೊಟ್ಟ ರಜೆ ಹಕ್ಕಿಗೂ ಸಿಕ್ಕಿತು.

ಕಾಕಾನ ಹೆಂಡತಿ ಚಿಗವ್ವ ಜೋಳ ಹಸನು ಮಾಡುತ್ತ ನಕ್ಕಳು. “ವಹಿ ಹಿಡಕೊಂಡು ಎದುರಿಗೆ ನಿಂತ್ರ ಅಕಿ ಖರೇ ಮನಿ ತೋರಸ್ತಾಳೇನ? ಸುಳ್ಳ ಕಾವಿಗೆ ಕುಂತು ನಿನ್ನ ದೂರ ಕರಕೊಂಡ ಹೋಗ್ಯಾಳ. ನಿನ್ನ ಲೆಕ್ಕಾ ಅಕೀನ ಇಡಾಕ ಹತ್ಯಾಳ. ಬೇವಿನ ಗಿಡದ ಹಿಂದ ಸುಮ್ಮ ಕುಂದರು.”

ಸೋಮವಾರ ದಿನಚರಿಯ ವಹಿ ಮನೆಯಲ್ಲೇ ಬಿಟ್ಟು ಹೋಗಿ ಕೂತೆ. ಕೈಗೆ ಕೆಲಸವಿಲ್ಲದೆ ಹೊತ್ತು ಸರಿಯಲೊಲ್ಲದು. ಕೊನೆಗೆ ಒದರುವುದು ನಿಂತಿತು. ಹಕ್ಕಿ ನಾಲ್ಕು ಹೆಜ್ಜೆ ಓಡಿ, ಅತ್ತಿತ್ತ ನೋಡಿ, ನಾನು ದಿನಾ ದಾಟುತ್ತಿದ್ದ ಬದುವಿನ ಬುಡದಲ್ಲೇ ಮೆಲ್ಲಗೆ ಕೂತಿತು. ಹೋಗಿ ನೋಡಿದರೆ ಅಲ್ಲಿ ಮಣ್ಣುಬಣ್ಣದ ನಾಲ್ಕು ಮೊಟ್ಟೆಗಳಿದ್ದವು.

ಮರುದಿನ ಕಾಕಾ ಆ ಜಾಗ ಬಿಟ್ಟು ಸುತ್ತು ಹಾಕಿ ಹರಗಿದ. “ಮನಿ ದೇವರಿಗೂ ನಾ ಇಷ್ಟ ಸುತ್ತ ಹಾಕಿಲ್ಲ,” ಎಂದು ಗೊಣಗಿದ.

ರಜೆ ಮುಗಿಯುವಷ್ಟರಲ್ಲಿ ನಾಲ್ಕರಲ್ಲಿ ಮೂರು ಮರಿಯಾದವು. ಗಿಡುಗ ಕಂಡರೆ ತಾಯಿಯದು ಒಂದೇ ಕೂಗು. ಮೂರೂ ಅಲುಗದೆ ನೆಲಕ್ಕಂಟಿ ಮಣ್ಣಹೆಂಟೆಗಳಾಗಿಬಿಡುತ್ತಿದ್ದವು. ಎಣಿಸುವ ನನಗೇ ಸಿಗುತ್ತಿರಲಿಲ್ಲ, ಗಿಡುಗಕ್ಕೆಲ್ಲಿ?

ಇವತ್ತಿನ ಹಕ್ಕಿಯೂ ಮಾಳಿಗೆಯ ಆಚೆ ಮೂಲೆಗೆ ಹೋಗಿ, ಮೈ ಅಗಲಿಸಿ ಕೂತಿತು. ನಾನು ನಂಬಿದವಳಂತೆ ಅತ್ತ ಎರಡು ಹೆಜ್ಜೆ ಇಟ್ಟು, ಬಕೆಟ್ ಸಮೇತ ಮೆಟ್ಟಿಲಿಳಿದೆ.

“ಬಟ್ಟಿ ಹಸೀನ ತಂದೀಯಲ್ಲ?” ಎಂದಳು ಅವ್ವ.

“ಇನ್ನೊಂದ ತಿಂಗಳ ಅಂಗಳದಾಗ ಹಾಕೂಣು. ಮ್ಯಾಲ ಬಾಣಂತನ ಐತಿ.”

ಎಷ್ಟು ಮೊಟ್ಟೆ ಎಂದು ದಿನಚರಿಯಲ್ಲಿ ಬರೆದಿಲ್ಲ. ನೋಡಲಿಲ್ಲ.