ತಿಪ್ಪೆಯ ಪಾಲು

ನಮ್ಮ ಮನೆ ಪಾಲಾದ ದಿನ ನಾನು ಒಳಗೊಳಗೇ ನಕ್ಕಿದ್ದೆ. ಬುಕ್ಕಾಂಬುಧಿ ಕಡೆಯ ನಮ್ಮ ಹೊಲದಲ್ಲಿ ರಸ್ತೆ ಬದಿಯ ತುಂಡು ನಮಗೆ ಬಂತು. ಹಿಂದಿನ ತುಂಡು, ಕೊಟ್ಟಿಗೆ, ಅದರ ಪಕ್ಕದ ತಿಪ್ಪೆ ಭಾವನವರಿಗೆ ಹೋಯಿತು. "ತಿಪ್ಪೆ ಅವರಿಗೇ ಇರ್ಲಿ ಬಿಡಿ" ಎಂದು ದೊಡ್ಡ ಮನಸ್ಸಿನವಳಂತೆ ಹೇಳಿದವಳೂ ನಾನೇ.

ಇಬ್ಬರೂ ಟೊಮೆಟೊ ಹಾಕಿದೆವು. ನಡುವೆ ಒಂದೇ ಬದು. ನಾನು ಡಿಎಪಿ, ಯೂರಿಯಾ, ಪೊಟ್ಯಾಷ್ ಚೀಲ ತರಿಸಿದೆ. ಭಾವನ ಹೆಂಡತಿ, ಅಂದರೆ ನಾನು ಅಕ್ಕ ಎನ್ನುವವಳು, ಮಕ್ಕರಿಯಲ್ಲಿ ತಿಪ್ಪೆಗೊಬ್ಬರ ಹೊತ್ತಳು. ನನ್ನ ಗಿಡಗಳು ಕೆಲವೇ ದಿನದಲ್ಲಿ ಕಡುಹಸಿರಾಗಿ ಎದ್ದು ನಿಂತವು. ಅವಳವು ಬಡಕಲಾಗಿ ಮೆಲ್ಲಗೆ ಬಂದವು. ಮೊದಲು ಹಣ್ಣಾದದ್ದೂ ನನ್ನವೇ. ಎಲ್ಲ ಒಂದೇ ಅಳತೆ, ಗಟ್ಟಿ ಸಿಪ್ಪೆ, ತರೀಕೆರೆ ಮಾರುಕಟ್ಟೆ ಮುಟ್ಟುವವರೆಗೆ ಒಂದೂ ಒಡೆಯಲಿಲ್ಲ. ಗೆದ್ದೆ ಅಂದುಕೊಂಡೆ.

ಆದರೆ ನಮ್ಮತ್ತೆ ಇದ್ದರಲ್ಲ! ಪಾಲಾದ ಮೇಲೆ ಅವರು ಒಂದು ತಿಂಗಳು ನಮ್ಮ ಮನೆ, ಒಂದು ತಿಂಗಳು ಅಕ್ಕನ ಮನೆ. ನಮ್ಮಲ್ಲಿದ್ದ ತಿಂಗಳೂ ಸಾರಿಗೆ ಹಣ್ಣು ಬೇಕಾದರೆ ಕೋಲೂರಿಕೊಂಡು, ನನ್ನ ಸಾಲುಗಳನ್ನೆಲ್ಲ ದಾಟಿ, ಬದು ಹತ್ತಿ ಅಕ್ಕನ ಗಿಡಕ್ಕೇ ಕೈ ಹಾಕುತ್ತಿದ್ದರು. "ನಿನ್ ಹಣ್ಣು ನೋಡಾಕೆ ಚೆಂದ ಕಣೇ. ಹುಳೀನೇ ಇಲ್ಲ" ಎಂದು ಸೆರಗಿನಿಂದ ಅಂಕುಡೊಂಕು ಹಣ್ಣು ಸುರಿಯುತ್ತಿದ್ದರು. ಒಲೆ ನನ್ನದು, ಬೇಳೆ ನನ್ನದು, ಹಣ್ಣು ಮಾತ್ರ ಅವಳದು! ಹೊಟ್ಟೆ ಉರಿದುಹೋಗುತ್ತಿತ್ತು. ಒಂದೇ ಒಂದು ಸಲ ಅತ್ತೆಯ ಬಾಯಲ್ಲಿ ನನ್ನ ಹಣ್ಣು ಚೆನ್ನಾಗಿದೆ ಎನ್ನಿಸಬೇಕು ಎಂಬ ಹಟ ಹಿಡಿಯಿತು.

ಮುಂದಿನ ಬೆಳೆಗೆ ರಸಗೊಬ್ಬರ ಅರ್ಧಕ್ಕಿಳಿಸಿದೆ. ಉಳಿದರ್ಧಕ್ಕೆ ತಿಪ್ಪೆಗೊಬ್ಬರ ಕೇಳಲು ಬಾಯಿ ಬರಲಿಲ್ಲ. ಅಕ್ಕ ಡೈರಿಗೆ ಹಾಲು ಹಾಕಲು ಹೋಗಿದ್ದ ಹೊತ್ತು ನೋಡಿ ನಾಲ್ಕು ಮಕ್ಕರಿ ತುಂಬಿಕೊಂಡು ಬಂದೆ. ಅವಸರದಲ್ಲಿ ಮೇಲಿನದನ್ನೇ ಬಾಚಿದ್ದೆ. ಕೆದಕಿ ಅಡಿಯದನ್ನು ತೆಗೆಯುವಷ್ಟು ಧೈರ್ಯ ಕದಿಯುವವಳಿಗೆ ಎಲ್ಲಿಂದ ಬರಬೇಕು? ಹಸಿ ಸಗಣಿಯ ಕಾವಿಗೆ ಬೇರು ಸುಟ್ಟುಹೋದವು, ಉಳಿದದ್ದನ್ನು ಗೊಣ್ಣೆಹುಳು ತಿಂದಿತು. ಎರಡು ಸಾಲು ನಿಂತಲ್ಲೇ ಬಾಡಿದವು.

ಅಕ್ಕ ನೋಡಲು ಬಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕೇಳುವ ಮೊದಲೇ "ಯಾವ್ದೋ ರೋಗ ಅಕ್ಕ" ಎಂದೆ. ಅವಳು ಒಂದು ಗಿಡ ಕಿತ್ತು, ಬುಡ ಕೆದಕಿ, ಬಿಳಿ ಹುಳುವನ್ನು ಹೊರಗೆ ಹಾಕಿದಳು.

"ಮೇಲಿಂದು ಯಾಕ್ ತಗೊಂಡೆ ಕಣೇ? ಅಡೀದು ಕಳಿತಿರುತ್ತೆ. ಕೇಳಿದ್ರೆ ನಾನೇ ತೆಗ್ದು ಕೊಡ್ತಿರ್ಲಿಲ್ವಾ?"

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಸಂಜೆ ಚಹಾಪುಡಿಯಂತೆ ಉದುರುದುರಾದ ಗೊಬ್ಬರ ನಾಲ್ಕು ಮಕ್ಕರಿ ನಮ್ಮ ಬಾಗಿಲಲ್ಲಿತ್ತು. ಅವಳ ಹಣ್ಣಿಗಿಂತ ಅವಳ ಆ ಒಳ್ಳೆಯತನ ಕಂಡೇ ನನಗೆ ಹೆಚ್ಚು ಹೊಟ್ಟೆಕಿಚ್ಚಾಯಿತು. ಆದರೂ ಗೊಬ್ಬರ ಒಳಗೆ ತೆಗೆದುಕೊಂಡೆ.

ಹೊಸ ಸಸಿ ನೆಟ್ಟು ಅದನ್ನೇ ಹಾಕಿದೆ, ಜೊತೆಗೆ ಕೈ ಬಿಗಿಹಿಡಿದು ಸ್ವಲ್ಪವೇ ನನ್ನ ರಸಗೊಬ್ಬರ. ಹಣ್ಣು ಬಂದಾಗ ಅತ್ತೆ ನಮ್ಮಲ್ಲಿದ್ದರು. ಅವರು ಕೋಲು ಹಿಡಿಯುವ ಮೊದಲೇ ನಾನೇ ಕೊಯ್ದು ಸಾರು ಮಾಡಿದೆ. ಎರಡನೆಯ ತುತ್ತಿಗೆ ಅವರು ತಲೆ ಎತ್ತಿದರು.

"ಎಷ್ಟ್ ಚೆನ್ನಾಗೈತೆ! ದೊಡ್ಡೋಳ ಹಣ್ಣು ತಾನೇ?"

"ಅಲ್ಲ ಅತ್ತೆ, ನಂದು" ಎಂದೆ. ಅಲ್ಲಿಗೇ ನಿಲ್ಲಿಸಬೇಕೆಂದಿದ್ದೆ, ಆಗಲಿಲ್ಲ. "ಗೊಬ್ಬರ ಅಕ್ಕಂದು."

"ಅದಕ್ಕೇ ಮತ್ತೆ" ಎಂದು ಅತ್ತೆ ಇನ್ನೊಂದು ಸೌಟು ಕೇಳಿದರು.