ಪ್ರಾಗ್‌ನಲ್ಲಿ ನಮ್ಮವರ ಮನೆ

ಮೊಮ್ಮಗಳು ಯುರೋಪಿಗೆ ಹೋಗುತ್ತೇನೆ ಅಂದಾಗ ನನಗೆ ಎಂತ ಸಹ ಅನ್ನಿಸಲಿಲ್ಲ. ಅಬುಧಾಬಿಯಲ್ಲಿ ಹುಟ್ಟಿ ಬೆಳೆದವರಿಗೆ ವಿಮಾನವೆಂದರೆ ನಮ್ಮ ಕಾಲದ ಸರ್ವಿಸ್ ಬಸ್ಸಿದ್ದ ಹಾಗೆ. ಆದರೆ ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಊರೂರು ತಿರುಗುತ್ತಾಳಂತೆ. ಸೂಟ್‌ಕೇಸ್ ಇಲ್ಲವಂತೆ. ಹಮ್ದಾನ್ ಸ್ಟ್ರೀಟಿನ ಆಫೀಸಿನಲ್ಲಿ ಒಳ್ಳೆಯ ಸಂಬಳದ ಹುಡುಗಿ!

ಅದರಲ್ಲಿ ಎರಡು ದಿನ ಪ್ರಾಗ್ ಊರಿನಲ್ಲಿ. ಆ ಹೆಸರು ಕೇಳಿ ಖುಷಿಯಾಯಿತು. ನಮ್ಮ ಮನೆಯ ದೇವರ ಅಲ್ತಾರಿನಲ್ಲಿರುವ ಬಾಲಯೇಸುವಿನ ಮೂಲ ಊರು ಅದು.

"ಮಲಗುವುದೆಲ್ಲಿ?" ಎಂದು ಕೇಳಿದೆ. ಅವಳು ಫೋನಿನಲ್ಲಿ ಒಂದು ಕೋಣೆ ತೋರಿಸಿದಳು. ಒಂದರ ಮೇಲೊಂದು ಕಬ್ಬಿಣದ ಮಂಚಗಳು.

"ಇದು ಲೇಬರ್ ಕ್ಯಾಂಪಲ್ವಾ! ನಿನ್ನ ಅಜ್ಜ ಇಲ್ಲಿಗೆ ಬಂದ ಹೊಸದರಲ್ಲಿ ಇಂಥದ್ದರಲ್ಲೇ ಮಲಗಿದ್ದು. ಅವರಿಗೆ ಬೇರೆ ಗತಿ ಇರಲಿಲ್ಲ. ನಿನಗೆಂತ ಬಂದಿದೆ?"

"ವಡ್ಲಿಮಾಯ್, ಇದು ಹಾಸ್ಟೆಲ್. ಎಲ್ಲರೂ ಹೀಗೇ ಮಾಡೋದು." ನಮ್ಮಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ.

"ಅದೇ ಕೋಣೆಯಲ್ಲಿ ಗಂಡಸರೂ ಇರ್ತಾರಾ?"

"ಮಿಕ್ಸೆಡ್ ಡಾರ್ಮ್. ಇಟ್ಸ್ ನಾರ್ಮಲ್."

ನಾನು ಕೈಯಲ್ಲಿದ್ದ ಮೀನನ್ನು ಹಾಗೇ ಸಿಂಕಿಗೆ ಬಿಟ್ಟೆ. ಗುರುತು ಪರಿಚಯ ಇಲ್ಲದ ಗಂಡಸು ಮೇಲಿನ ಮಂಚದಲ್ಲಿ ಗೊರಕೆ ಹೊಡೆಯುವುದು, ಕೆಳಗೆ ನಮ್ಮ ಮನೆಯ ಹುಡುಗಿ. ಇದು ನಾರ್ಮಲ್ ಅಂತೆ!

ಮಗನಿಗೆ ನಾನೇ ಹೇಳಿದೆ. ಅವನು ಮಗಳನ್ನು ಕರೆದು ಎರಡೇ ಮಾತು ಹೇಳಿದ. "ಗುರುತಿನವರ ಮನೆಯಿದ್ದರೆ ಹೋಗು. ಇಲ್ಲದಿದ್ದರೆ ಖಲಾಸ್." ಹುಡುಗಿ ಕೆಲಸಕ್ಕೆ ಸೇರಿದ ಮೇಲೆ ತೆಗೆದ ಮೊದಲ ದೊಡ್ಡ ರಜೆ ಅದು, ಟಿಕೆಟೂ ಆಗಿತ್ತು. ಅವಳು ಅಳಲಿಲ್ಲ, ಕೂಗಲಿಲ್ಲ. ನಮ್ಮ ಯಾರ ಜೊತೆಗೂ ಮಾತಾಡುವುದನ್ನೇ ಬಿಟ್ಟಳು.

ಮನೆ ಹುಡುಕಿಕೊಟ್ಟರಾಯಿತಲ್ಲ ಅಂದುಕೊಂಡೆ. ನಮ್ಮ ಕರಾವಳಿಯ ಕ್ರಿಸ್ತುವರು ಇಲ್ಲದ ಊರು ಭೂಮಿಯ ಮೇಲಿಲ್ಲ. ಯಾವ ದೇಶಕ್ಕೆ ಹೋದರೂ ನಮ್ಮವರ ಮನೆ ಹುಡುಕುವುದು, ಹೋಗುವಾಗ ಒಂದು ಬಾಟ್ಲಿ ಉಪ್ಪಿನಕಾಯಿ ಕೊಂಡುಹೋಗುವುದು. ನಾವು ಮಾಡಿಕೊಂಡು ಬಂದದ್ದು ಹಾಗೆಯೇ. ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಒಬ್ಬಳು ಹೆಂಗಸನ್ನು ಹಿಡಿದೆ. ಮದುವೆ ಸಂಬಂಧ ಕೂಡಿಸುವುದು ಅವಳ ಹವ್ಯಾಸ. ಎಲ್ಲಾ ದೇಶದ ನಮ್ಮವರ ನಂಬರ್ ಅವಳ ಹತ್ತಿರ ಉಂಟು. ಹುಡುಗಿ ಬರುವ ದಿನ ಹೇಳಿದೆ. ಗುರುತು ಸಿಗಲಿ ಎಂದು ಫೋಟೋ ಕೇಳಿದಳು, ಕೊಟ್ಟೆ. ಓದು, ಕೆಲಸ ಕೇಳಿದಳು, ಅದನ್ನೂ ಹೇಳಿದೆ.

ಎರಡೇ ದಿನದಲ್ಲಿ ಮನೆ ಸಿಕ್ಕಿತು. ಮಗ ಒಪ್ಪಿದ. ಮೊಮ್ಮಗಳು ಮುಖ ಸಣ್ಣ ಮಾಡಿಕೊಂಡರೂ ಹೂಂ ಅಂದಳು.

ಆಮೇಲೆ ಪ್ರಾಗ್‌ನ ಆ ಮನೆಯವಳ ವಾಯ್ಸ್ ಮೆಸೇಜ್ ಬಂತು. ಬೆಳಿಗ್ಗೆ ಎಲ್ಲರೂ ಚಾ ಕುಡಿಯುತ್ತಿದ್ದೆವು. ನನಗೆ ಕಿವಿ ಸ್ವಲ್ಪ ಮಂದ, ದೊಡ್ಡದಾಗಿ ಹಾಕಿದೆ.

"ಮಾಯ್, ನಾವು ತಯಾರಾಗಿದ್ದೇವೆ. ಮೊದಲ ದಿನ ಮಧ್ಯಾಹ್ನ ನನ್ನ ನಾದಿನಿಯರು ಊಟಕ್ಕೆ ಬರ್ತಾರೆ, ಹುಡುಗಿಯನ್ನು ನೋಡಬೇಕಂತೆ. ಮರುದಿನ ಮಗ ರಜೆ ಹಾಕಿದ್ದಾನೆ, ಇಬ್ಬರೂ ಬೋಟಿನಲ್ಲಿ ಹೋಗಿ ಮಾತಾಡಿಕೊಳ್ಳಲಿ. ಒಂದು ಸೀರೆ ತರಲಿಕ್ಕೆ ಹೇಳಿ. ಮತ್ತೆ, ಬಣ್ಣ ಫೋಟೋದಲ್ಲಿ ಕಂಡಷ್ಟೇ ಉಂಟಾ, ಇಲ್ಲ ಪೌಡರಾ?"

ಮಗನ ಕೈಯ ಬ್ರೆಡ್ ಚಾದಲ್ಲಿ ಮುಳುಗಿತು. ಸಂಬಂಧ ಕೂಡಿಸುವ ಆ ಹೆಂಗಸಿನ ಬಾಯಿಂದ ಹೋದ ಹುಡುಗಿಯ ಹೆಸರು ಮದುವೆಯ ಪ್ರಸ್ತಾಪವಲ್ಲದೆ ಮತ್ತೆಂತ ಆಗುತ್ತದೆ? ಇಡೀ ಊರಿಗೆ ಗೊತ್ತಿದ್ದದ್ದು ನನ್ನ ತಲೆಗೆ ಹೋಗಲಿಲ್ಲ.

"ವಡ್ಲಿಮಾಯ್, ನನ್ನನ್ನು ಮಾರಿದ್ರಾ?" ಅಂದಳು ಮೊಮ್ಮಗಳು. ನಗಲಿಲ್ಲ. "ಐ ಆಮ್ ನಾಟ್ ಗೋಯಿಂಗ್. ಟಿಕೆಟ್ ಕ್ಯಾನ್ಸಲ್ ಮಾಡ್ತೇನೆ."

"ಕೂತ್ಕೋ," ಅಂದೆ. ಅಲ್ಲೇ ಆ ಹೆಂಗಸಿಗೆ ಫೋನ್ ಮಾಡಿದೆ.

"ನಾನು ಕೇಳಿದ್ದು ಮಲಗಲಿಕ್ಕೆ ಜಾಗ, ನೀನು ಗಂಡನನ್ನು ಹುಡುಕಿದ್ದೀಯಲ್ಲ ಮಾರಾಯ್ತಿ!"

"ಹುಡುಗನಲ್ಲಿ ಕೊರತೆ ಎಂತ? ಅಲ್ಲಿನ ಪರ್ಮನೆಂಟ್ ವೀಸಾ ಉಂಟು!"

"ವೀಸಾದ ಜೊತೆ ಸಂಸಾರ ಮಾಡ್ಲಿಕ್ಕಾಗ್ತದಾ? ಹುಡುಗಿ ಬರುವುದಿಲ್ಲ ಅಂತ ಅವರಿಗೆ ಇವತ್ತೇ ಹೇಳು."

ಫೋನಿಟ್ಟೆ. ಮಗ ಚಾದ ಕಪ್ಪು ದೂರ ಸರಿಸಿದ. "ಹಾಗಾದರೆ ಪ್ರಾಗ್ ಬೇಡ, ಮಾಯ್."

ಅಪ್ಪನ ಮಾತು ಕೇಳಿ ಹುಡುಗಿ ಟಿಕೆಟ್ ಕ್ಯಾನ್ಸಲ್ ಮಾಡಲಿಕ್ಕೆ ಫೋನ್ ತೆಗೆದಳು. ನನಗೆ ಆ ಮನೆ ಕಣ್ಣಿಗೆ ಕಟ್ಟಿತು. ನಾದಿನಿಯರು ಸಾಲಾಗಿ ಕೂತು ಬಣ್ಣ, ಎತ್ತರ, ಹಲ್ಲು ನೋಡುವುದು. ಹಾಸ್ಟೆಲಿನಲ್ಲಿ ಮೇಲಿನ ಮಂಚದವನು ಗೊರಕೆಯಾದರೂ ಹೊಡೆದು ಸುಮ್ಮನಿದ್ದಾನು, ಇವರು ನಿದ್ದೆ ಮಾಡಲಿಕ್ಕೂ ಬಿಡುವವರಲ್ಲ.

"ಅವಳು ಹೋಗ್ತಾಳೆ," ಅಂದೆ.

"ಎಲ್ಲಿ ಮಲಗ್ತಾಳೆ? ಆ ಗಂಡಸರ ಜೊತೆಯಾ? ಏನಾದರೂ ಆದರೆ?"

"ಆಗುವುದಾದರೆ ನೀನು ಬನಿಯಾಸ್‌ನಿಂದ ಕೆಲಸ ಮುಗಿಸಿ ಕಾರು ಓಡಿಸಿಕೊಂಡು ಬರುವಾಗಲೂ ಆಗ್ತದೆ." ಹುಡುಗಿಯ ಕಡೆ ತಿರುಗಿದೆ. "ಹೆಂಗಸರದ್ದೇ ಕೋಣೆ ಇಲ್ವಾ ಬಾಯೆ, ಆ ಹಾಸ್ಟೆಲಿನಲ್ಲಿ?"

"ಉಂಟು," ಅಂದಳು ಸಣ್ಣ ದನಿಯಲ್ಲಿ.

"ಮತ್ತೆ ಮೊದಲೇ ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ನೀವು ಕೇಳಿದ್ದು ಗಂಡಸರು ಇರ್ತಾರಾ ಅಂತ ಮಾತ್ರ!"

ಮಗ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. "ಏನಾದರೂ ಮಾಡಿಕೊಳ್ಳಿ. ದಿನಾ ಫೋನ್ ಬರಬೇಕು," ಎಂದು ಕಾರಿನ ಕೀ ತೆಗೆದುಕೊಂಡು ಎದ್ದ.

ಅವಳು ಫೋನ್ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. ಮತ್ತೆ ಅದೇ ತರದ ಕಬ್ಬಿಣದ ಮಂಚ, ಪರದೆ ಮಾತ್ರ ಗುಲಾಬಿ ಬಣ್ಣದ್ದು. ಮೈ ಒರೆಸುವ ಟವಲಿಗೂ ಅಲ್ಲಿ ಬಾಡಿಗೆಯಂತೆ!

"ಕೆಳಗಿನ ಮಂಚ ಕೇಳು," ಅಂದೆ. "ನೀನು ನಿದ್ದೆಯಲ್ಲಿ ಹೊರಳುವವಳು."